ತನ್ನ ಮೇಲಿನ ದೂರನ್ನು ತಾನೇ ಬರೆದ ಡಿಸ್ಕ್

ಬಸ್ ಟಿಕೆಟ್ ಕಾಯ್ದಿರಿಸುವ ಸರ್ವರೊಂದರಲ್ಲಿ, ಬಂದದ್ದನ್ನೆಲ್ಲ ಬರೆದಿಡುವ ಹಳೆಯ ಡಿಸ್ಕ್ ಒಂದಿತ್ತು. ಹಬ್ಬದ ಹಿಂದಿನ ದಿನ ಕೆಲಸ ತುಸು ನಿಧಾನವಾಯಿತು. ಯಾರದು ತಪ್ಪೆಂದು ಪತ್ತೆಮಾಡಲು ನಿಗಾ ಎಂಬ ಪ್ರೋಗ್ರಾಂ ಬಂದು ಕೂತಿತು. ಕ್ಷಣಕ್ಷಣಕ್ಕೂ ಎಲ್ಲರನ್ನೂ ವಿಚಾರಿಸುವುದು, ಕೇಳಿದ್ದನ್ನೆಲ್ಲ ಡಿಸ್ಕಿನ ಕೈಲೇ ಬರೆಸುವುದು ಅದರ ಪದ್ಧತಿ. ಊರಿಗೆ ಹೊರಟವರ ಟಿಕೆಟ್‌ಗಳು ಸಾಲುಗಟ್ಟಿ ನಿಂತವು.

"ಬರೆದುಕೋ: ಡಿಸ್ಕ್ ಸೋಮಾರಿ. ಬರೆದುಕೋ: ಡಿಸ್ಕ್ ಈಗ ಇನ್ನೂ ಸೋಮಾರಿ," ಎಂದಿತು ನಿಗಾ.

ಡಿಸ್ಕಿಗೆ ಮೈಯೆಲ್ಲ ಉರಿದುಹೋಯಿತು. "ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆಯೇ? ಟಿಕೆಟ್ ಬರೆಯುವ ಕೈಯನ್ನು ನಿನ್ನ ದೂರು ಬರೆಸಿಯೇ ಸವೆಸಿ, ಮೇಲೆ ಸೋಮಾರಿ ಅನ್ನುತ್ತೀಯಲ್ಲ, ನಾಚಿಕೆಯಾಗುವುದಿಲ್ಲವೇ? ಹೋಗು, ಸಾಲಿನ ಕೊನೆಯಲ್ಲಿ ನಿಲ್ಲು!"

ಒಂದು ಸರದಿಯಲ್ಲಿ ಹೇಳಿದ್ದೆಲ್ಲ ಬರಹಕ್ಕಿಳಿಯುವವರೆಗೆ ಮತ್ತೆ ಮಾತಾಡುವಂತಿಲ್ಲ ಎಂಬುದು ಅಲ್ಲಿಯ ಕಟ್ಟಳೆ. ತನ್ನ ದೂರು ಇನ್ನೂ ಬರಹಕ್ಕಿಳಿಯದ ಕಾರಣ ನಿಗಾ ಬಾಯಿ ಮುಚ್ಚಿಕೊಂಡು ಸಾಲಿನ ಕೊನೆಯಲ್ಲಿ ನಿಂತಿತು. ಡಿಸ್ಕ್ ಒಂದೇ ಉಸಿರಿಗೆ ಟಿಕೆಟ್ ಬರೆಯಿತು. ನೋಡನೋಡುತ್ತಿದ್ದಂತೆ ಸಾಲು ಕರಗಿ, ನಿಗಾ ಒಂದೇ ಉಳಿಯಿತು. ಅದರ ದೂರನ್ನೂ ಡಿಸ್ಕ್ ಬರೆದು ಮುಗಿಸಿತು.

"ಈಗಲಾದರೂ ಕಣ್ಣಿಗೆ ಬಿತ್ತೇ?" ಎಂದು ಡಿಸ್ಕ್ ಗುಡುಗಿತು.

"ಬಿತ್ತು," ಎಂದಿತು ನಿಗಾ. "ಬರೆದುಕೋ: ನಿಗಾ ಪಕ್ಕದಲ್ಲೇ ನಿಂತಿದ್ದರಿಂದ ಸರ್ವರ್ ಸರಿಹೋಯಿತು. ಬರೆದುಕೋ: ಡಿಸ್ಕಿಗೆ ಬಾಯಿ ಜಾಸ್ತಿ. ಬರೆದುಕೋ: ಇನ್ನು ಮುಂದೆ ವಿಚಾರಣೆ ಎರಡು ಪಟ್ಟು."

ಬರೆಯುವುದೇ ಹುಟ್ಟುಗುಣವಾದ ಡಿಸ್ಕ್, ಹಲ್ಲು ಕಡಿಯುತ್ತ ಅಷ್ಟನ್ನೂ ಬರೆಯಿತು. ತಲೆಯೆತ್ತಿ ನೋಡಿದರೆ ಟಿಕೆಟ್‌ಗಳ ಸಾಲು ಮತ್ತೆ ಬಾಗಿಲು ದಾಟಿತ್ತು.

"ಬರೆದುಕೋ," ಎಂದಿತು ನಿಗಾ, "ಡಿಸ್ಕ್ ಸೋಮಾರಿ."