ಒರೆಸುವ ಬಟ್ಟೆ ಹಿಡಿದವನು

“ಗುರುಗಳೇ, ಈ ವ್ಯಾಖ್ಯಾನಗ್ರಂಥದ ಒಂದೊಂದು ವಾಕ್ಯವನ್ನೂ ಬರೆದವನು ನಾನು. ಸಹಪಾಠಿ ನಿರ್ವಾಣಿ ಎದುರಿಗೆ ಕುಳಿತು ‘ಇದು ನಿಲ್ಲದು, ಅದು ಬೇಡ’ ಎಂದನೇ ಹೊರತು ಲೇಖನಿ ಮುಟ್ಟಲಿಲ್ಲ. ಗ್ರಂಥದ ಮೇಲೆ ಅವನ ಹೆಸರೂ ಇರಬೇಕೆ?” ಎಂದು ಶಿಷ್ಯ ಷಡಕ್ಷರಿ ಕೇಳಿದ. ಗ್ರಂಥ ಮರುದಿನ ಅಚ್ಚಿಗೆ ಹೋಗುವುದಿತ್ತು.

ಗುರುಗಳು ಅವನಿಗೆ ನೆಟ್ಟಗೆ ಕುಳಿತುಕೊಳ್ಳಲು ಹೇಳಿ ಕತೆ ಆರಂಭಿಸಿದರು.

ಬ್ರಿಟನ್ನಿನಲ್ಲಿ ಒಬ್ಬ ಗಣಿತಜ್ಞನಿದ್ದ. ಮನೆ ಸಂಸಾರ ಕಟ್ಟಿಕೊಳ್ಳದೆ ವಿದ್ಯಾಪೀಠದ ಕೋಣೆಯಲ್ಲೇ ಪ್ರಾಯ ಸವೆಸಿದವನು. ಅವನಿಗೊಬ್ಬ ಜೊತೆಗಾರ, ಅವನೂ ಗಣಿತಜ್ಞನೇ. ಇಬ್ಬರ ನಡುವೆ ಒಂದು ಕಟ್ಟಳೆಯಿತ್ತು. ಗಣಿತಜ್ಞನ ಕೈಯಲ್ಲಿ ಸೀಮೆಸುಣ್ಣ, ಜೊತೆಗಾರನ ಕೈಯಲ್ಲಿ ಒರೆಸುವ ಬಟ್ಟೆ. ಮನಸ್ಸಿಗೆ ಒಪ್ಪದ ಸಾಲನ್ನು ಜೊತೆಗಾರ ಒರೆಸಿಬಿಡುವನು, ಕಾರಣ ಹೇಳಬೇಕಾಗಿಲ್ಲ. ಬರೆದವನು ಎದುರಾಡುವಂತಿಲ್ಲ. ಸಂಜೆಗೆ ಹಲಗೆಯ ಮೇಲೆ ಉಳಿದದ್ದು ಇಬ್ಬರ ಹೆಸರಿನಲ್ಲಿ ಅಚ್ಚಾಗುವುದು. ಹೀಗೆ ಪ್ರಮೇಯದ ಮೇಲೆ ಪ್ರಮೇಯ ಹೊರಬಂದವು, ಒಂದೂ ಹುಸಿಯಾಗಲಿಲ್ಲ.

ಒಂದು ದಿನ ಊಟದ ಮೇಜಿನಲ್ಲಿ ಪಂಡಿತನೊಬ್ಬ ಚುಚ್ಚಿದ: “ಅಲ್ಲಯ್ಯ, ಬರೆಯುವವನು ನೀನು. ಹಲಗೆ ಒರೆಸುವವನಿಗೂ ಹೆಸರು ಕೊಡುವುದಾದರೆ ನೆಲ ಒರೆಸುವವಳು ಏನು ಪಾಪ ಮಾಡಿದ್ದಾಳೆ?”

ಮೇಜಿನ ಸುತ್ತ ನಗೆ ಎದ್ದಿತು. ಗಣಿತಜ್ಞನೂ ನಕ್ಕ. ಆದರೆ ಮಾತು ಮುಳ್ಳಾಗಿ ಒಳಗೇ ಮುರಿದುಕೊಂಡಿತು. ಆಗ ಅವನು ಕೈಗೆತ್ತಿಕೊಂಡಿದ್ದು ಮೂರು ತಲೆಮಾರಿನ ವಿದ್ವಾಂಸರಿಗೆ ಬಗ್ಗದ ಸಮಸ್ಯೆ. ಬಿಡಿಸಿದವನ ಹೆಸರು ಗಣಿತವಿರುವವರೆಗೂ ನಿಲ್ಲುವಂಥದು. ಆ ಹೆಸರು ತನ್ನೊಬ್ಬನದೇ ಆಗಬೇಕೆನಿಸಿತು.

“ಇದನ್ನು ನಾನೊಬ್ಬನೇ ಬಿಡಿಸುತ್ತೇನೆ,” ಎಂದ.

“ಆಗಲಿ. ಒರೆಸುವವರು ಯಾರು?” ಎಂದು ಜೊತೆಗಾರ ಕೇಳಿದ.

“ಒರೆಸುವಂಥದನ್ನು ಬರೆದರೆ ತಾನೆ?”

ಜೊತೆಗಾರ ಬಟ್ಟೆಯನ್ನು ಮಡಿಸಿ ಮೇಜಿನ ಮೇಲಿಟ್ಟು ಹೊರಟುಹೋದ. ಸ್ವಲ್ಪ ಕಾಲದಲ್ಲೇ ಬೇರೆ ಊರಿನ ವಿದ್ಯಾಪೀಠ ಸೇರಿದ.

ಗಣಿತಜ್ಞನ ಕೈಗೆ ಇನ್ನು ತಡೆಯಿರಲಿಲ್ಲ. ಹಿಂದೆ ವರ್ಷ ಹಿಡಿಯುತ್ತಿದ್ದ ಕೆಲಸ ತಿಂಗಳಲ್ಲಿ ಮುಗಿಯಿತು. ಅದು ತನ್ನ ಬುದ್ಧಿಯ ಚುರುಕೆಂದೇ ತಿಳಿದ. ವಿದ್ವತ್ಸಭೆ ಕೂಡಿತು. ಅವನು ಪರಿಹಾರವನ್ನು ಓದುತ್ತಿದ್ದಾಗ ಅಪರಿಚಿತನೊಬ್ಬ ಎದ್ದು, ಒಂದು ಸಾಲನ್ನು ತೋರಿಸಿ, ಇದರಿಂದ ಮುಂದಿನದು ಹೇಗೆ ಬಂತು ಎಂದು ವಿನಯದಿಂದಲೇ ಕೇಳಿದ. ಗಣಿತಜ್ಞ ಆ ಸಾಲನ್ನು ಮತ್ತೊಮ್ಮೆ ಓದಿಕೊಂಡ. ಆ ಸಾಲು ಸುಳ್ಳಾಗಿತ್ತು. ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿತ್ತು.

ಕೋಣೆಗೆ ಮರಳಿ ಹಲಗೆ ತುಂಬ ಹೊಸದಾಗಿ ಬರೆದ. ಬಟ್ಟೆಯನ್ನು ತಾನೇ ಕೈಗೆತ್ತಿಕೊಂಡ. ಎಲ್ಲ ಸಾಲುಗಳೂ ಸರಿಯಾಗಿಯೇ ಕಂಡವು. ಯಾವುದನ್ನು ಒರೆಸಬೇಕೆಂದು ತಿಳಿಯದೆ ನಿಂತ. ಆ ಸಮಸ್ಯೆಯನ್ನು ಬಿಡಿಸುವುದು ಅವನಿಂದ ಕೊನೆಗೂ ಆಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ನಿರ್ವಾಣಿಯ ಹೆಸರು ತೆಗೆಯಕೂಡದು ಎನ್ನುತ್ತೀರಾ?” ಎಂದು ಷಡಕ್ಷರಿ ಕೇಳಿದ.

“ಧಾರಾಳವಾಗಿ ತೆಗೆ, ಅವನು ಬೇಡವೆಂದ ವಾಕ್ಯಗಳನ್ನೆಲ್ಲ ಮೊದಲು ಗ್ರಂಥಕ್ಕೆ ಮರಳಿ ಸೇರಿಸು.”