ಖಾಲಿ ಕೋವಿ ಎಗರಿದ್ದು

ಇದನ್ನು ನನಗೆ ಮೊದಲು ಹೇಳಿದವರು ನಮ್ಮ ಕಾಲೇಜಿನ ಎನ್‌ಸಿಸಿ ಮೇಡಂ ದೇಚಮ್ಮ.

ವಿರಾಜಪೇಟೆ ಕಡೆಯ ಒಂದು ರೈಫಲ್ ಕ್ಲಬ್ಬು. ಅದರ ಅಧ್ಯಕ್ಷ ಬಿದ್ದಪ್ಪನವರು ಸ್ಪರ್ಧೆಗೆಂದು ಹೊಸ ರೈಫಲ್ ತರಿಸಿ, ಗುರಿ ನೋಡಲು ವಿದೇಶಿ ಸ್ಕೋಪ್ ಕೂರಿಸಿದ್ದರು. ಆದರೂ ಗುಂಡೆಲ್ಲ ಎಡಕ್ಕೇ ಹೋಗುತ್ತಿತ್ತು. ಕೋವಿಗಳನ್ನು ನೋಡಿಕೊಳ್ಳುವ ಕೆಲಸದವನನ್ನು ಕರೆದು ಗದರಿದರು.

"ಒಂದು ಸ್ಕೋಪ್ ಸರಿಯಾಗಿ ಕೂರಿಸೋಕೂ ಬರಲ್ವೇನಯ್ಯ? ಇವತ್ತು ಸರಿಹೋಗದಿದ್ದರೆ ನಾಳೆಯಿಂದ ಬರಬೇಡ."

ಗುಂಡು ಹಾರುವಾಗಿನ ಒದೆತಕ್ಕೆ ಮೊದಲೇ ಹೆದರಿ, ಟ್ರಿಗರ್ ಒತ್ತುವಾಗ ಅಧ್ಯಕ್ಷರ ಕೈಯೇ ಅದುರುತ್ತದೆಂದು ಅವನಿಗೆ ಗೊತ್ತಿತ್ತು. ಆದರೆ ಅದನ್ನು ಹೇಳುವುದು ಹೇಗೆ?

"ಸರಿಮಾಡಿದ್ದೀನಿ ಸಾರ್, ಹೊಡೆದು ನೋಡಿ" ಎಂದು ಕೋವಿ ಕೈಗಿತ್ತ.

ಅಧ್ಯಕ್ಷರು ಟ್ರಿಗರ್ ಒತ್ತಿದರು. ಟಕ್ ಎಂದಿತು, ಅಷ್ಟೇ. ಕೋವಿಯ ಮೂತಿ ಮಾತ್ರ ಎಡಕ್ಕೆ ಎಗರಿತು.

"ಅಯ್ಯೋ, ಗುಂಡು ಹಾಕೋದೇ ಮರೆತೆ ಸಾರ್!" ಅವನು ಹಣೆ ಚಚ್ಚಿಕೊಂಡ.

"ಗುಂಡೇ ಇಲ್ಲದೆ ಯಾಕಯ್ಯ ಎಗರ್ತು?"

"ಸ್ಕೋಪಿನ ದೋಷವೇ ಇರಬೇಕು ಸಾರ್."

ಬಿದ್ದಪ್ಪನವರು ಟ್ರಿಗರ್ ಒತ್ತಿದ ತಮ್ಮ ಬೆರಳನ್ನೇ ನೋಡಿದರು. ಆಮೇಲೆ ಮೆಲ್ಲಗೆ, "ಮತ್ತೆ ಕೊಡು. ಗುಂಡು ಇದೆಯೋ ಇಲ್ಲವೋ ಹೇಳಬೇಡ. ನಾಳೆ ಬೇಗ ಬಾ, ಇನ್ನೂ ಅಭ್ಯಾಸ ಮಾಡೋಣ" ಎಂದರು.

ಗುರಿ ತಪ್ಪಿದ್ದಕ್ಕೆ ಕೋವಿಯನ್ನು ಬೈಯುವವರು ಸಿಕ್ಕರೆ ನೀವೂ ಇದನ್ನು ಹೇಳಿ. ಅವರಿಗಾಗಿಯೇ ಹೇಳುತ್ತಿದ್ದೀರಿ ಎಂದು ಮಾತ್ರ ತೋರಿಸಿಕೊಳ್ಳಬೇಡಿ.