ಗೊರವಂಕನ ಒಪೀನಿಯನ್

ಹೇಂಟೆಯೊಂದು ಏಳು ಮರಿ ಕಟ್ಟಿಕೊಂಡು ತಿಪ್ಪೆ ಕೆದಕುತ್ತಿತ್ತು. ಹದ್ದು ಬಂದರೆ ಕೂಗಿ ಹೇಳುವುದು ಬೇಲಿಯ ಮೇಲಿನ ಗೊರವಂಕನ ಕೆಲಸ. ಅದಕ್ಕೆಂದೇ ಕೆದಕಿದ ಹುಳುಗಳಲ್ಲಿ ಅದಕ್ಕೂ ಪಾಲು ಕೊಡುತ್ತಿತ್ತು ಹೇಂಟೆ. ಆದರೆ ಈಚೆಗೆ ಗೊರವಂಕ ಶಾಲೆಯ ಕಿಟಕಿಯಲ್ಲಿ ಕೂತು ಇಂಗ್ಲಿಷ್ ಕಲಿತಿತ್ತು.

ಅಂದು ಅದು ಕತ್ತು ಕೊಂಕಿಸಿ, "ಅಕ್ಕಾ, ಇನ್ ಮೈ ಒಪೀನಿಯನ್, ಮೇಲೆ ಏನೋ ಸುತ್ತುತ್ತಿದೆ," ಎಂದಿತು.

"ಏನದು, ಬೇಗ ಹೇಳು!"

"ಐ ಥಿಂಕ್, ಅದು ಹದ್ದು ಇರಬಹುದು. ಪರ್ಸನಲಿ ಸ್ಪೀಕಿಂಗ್..."

ಹೇಂಟೆ ಮುಂದಿನದನ್ನು ಕೇಳಲು ನಿಲ್ಲಲಿಲ್ಲ. ಒಂದೇ ಕೂಗು ಹಾಕಿ ರೆಕ್ಕೆ ಹರಡಿತು. ಕೊನೆಯ ಮರಿ ಒಳಗೆ ನುಸುಳುವುದಕ್ಕೂ ಹದ್ದು ಎರಗುವುದಕ್ಕೂ ಸರಿಹೋಯಿತು. ಹದ್ದಿನ ಉಗುರಿಗೆ ಹೇಂಟೆಯ ನಾಲ್ಕು ಪುಕ್ಕಗಳಷ್ಟೇ ಸಿಕ್ಕಿದವು.

"ಇಂಗ್ಲಿಷಿನಲ್ಲಿ ಹಾಗೆ ಹೇಳುವುದೇ ಮರ್ಯಾದೆ, ಅಕ್ಕಾ," ಎಂದು ಗೊರವಂಕ ತೊದಲಿತು.

ಹೇಂಟೆ ಮರಿಗಳನ್ನು ಎಣಿಸಿ ಮುಗಿಸಿ ತಲೆ ಎತ್ತಿತು.

"ನಾನು ಚೆಂದವೋ ಅಲ್ಲವೋ ಎಂದು ಕೇಳಿದಾಗ ನಿನ್ನ ಒಪೀನಿಯನ್ ಹೇಳು ತಮ್ಮಾ, ಬೇಕಾದರೆ ಸುಳ್ಳೂ ಹೇಳು. ಕಣ್ಣಾರೆ ಕಂಡ ಹದ್ದನ್ನು ಹದ್ದು ಎನ್ನು. ನಿನ್ನ ಮರ್ಯಾದೆ ಮುಗಿಯಲಿ ಎಂದು ಅದು ಕಾಯುವುದಿಲ್ಲ."